ಹೊರಗಿನ ಹಾರ್ಡ್ ಡಿಸ್ಕ್ ಮತ್ತು ಓಮ್‌ನ ನಿಯಮ

ಹಳೆಯ ಭಾವಚಿತ್ರಗಳನ್ನು ಸ್ಕ್ಯಾನ್ ಮಾಡಿ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ಒಂದರಲ್ಲಿ ಕೂಡಿಡುತ್ತಿರುವುದು ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಶಾಲೆಯ ತರಗತಿಗಳ ಚಿತ್ರಗಳು, ಮದುವೆ ಮುಂಜಿಗಳ ಚಿತ್ರಗಳು, ಜೊತೆಗೆ ನಮ್ಮ ಸೋದರತ್ತೆಯವರು ಹಾಡಿದ ಹಸೆಹಾಡುಗಳು ಅದರಲ್ಲಿವೆ. ಹಾಡುಗಳನ್ನು ಇಳಿಸಿಕೊಂಡ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿದಿದ್ದ ಕ್ಯಾಸೆಟ್ಟಿನ ಟೇಪು ತುಂಡಾಯಿತು. ಅತ್ತೆಯವರ ಧ್ವನಿ ಉಳಿದದ್ದು ಡಿಸ್ಕಿನಲ್ಲಿ ಮಾತ್ರ. ಅಂತಹ ಡಿಸ್ಕು ಕೆಲಸದ ನಡುವೆ ಸಂಪರ್ಕ ಕಡಿದುಕೊಂಡು, ಕ್ಷಣದಲ್ಲಿ ಮತ್ತೆ ಕಾಣಿಸಿಕೊಂಡು, ಪುನಃ ಮರೆಯಾಗತೊಡಗಿದಾಗ ನನಗಾದ ಕಳವಳವನ್ನು ಬಂಧುಗಳು ಊಹಿಸಬಲ್ಲರು.

ಕಂಪ್ಯೂಟರ್ ಅಂಗಡಿಯ ಹುಡುಗ ಫೋನಿನಲ್ಲೇ, "ಡಿಸ್ಕ್ ಹೋಗಿದೆ ಸಾರ್, ಹೊಸದು ತಗೊಳ್ಳಿ" ಎಂದ. ನಾಡಿ ಹಿಡಿಯದೆ ಔಷಧ ಹೇಳುವ ವೈದ್ಯರು ಎಲ್ಲ ಕಾಲದಲ್ಲಿಯೂ ಇದ್ದಾರೆ.

ಆದರೆ ಬಂದು ಹೋಗಿ ಮಾಡುವ ಡಿಸ್ಕಿನಲ್ಲಿ ದೋಷವು ಡಿಸ್ಕಿಗಿಂತ ಅದಕ್ಕೆ ವಿದ್ಯುತ್ ತಲುಪುವ ದಾರಿಯಲ್ಲಿರುವ ಸಂಭವವನ್ನು ಮೊದಲು ನೋಡಬೇಕು. ಅಂಗೈಯಗಲದ ಈ ಡಿಸ್ಕುಗಳಿಗೆ ಬೇರೆ ಅಡಾಪ್ಟರ್ ಇರುವುದಿಲ್ಲ. ದತ್ತಾಂಶ ಹರಿಯುವ ಯುಎಸ್‌ಬಿ ಕೇಬಲ್ಲಿನಲ್ಲೇ 5 ವೋಲ್ಟ್ ವಿದ್ಯುತ್ತೂ ಬರಬೇಕು. ಯುಎಸ್‌ಬಿ 2.0 ನಿಯಮದಂತೆ ಒಂದು ಪೋರ್ಟು ಕೊಡಬೇಕಾದುದು 500 ಮಿಲಿಆಂಪಿಯರ್, 3.0 ಆದರೆ 900. ಡಿಸ್ಕಿನೊಳಗಿನ ಮೋಟರು ತಿರುಗಲು ಆರಂಭಿಸುವಾಗ ಹೆಚ್ಚು ಪ್ರವಾಹವನ್ನು ಬೇಡುತ್ತದೆ. ತೋಟದ ಪಂಪು ಹಾಕಿದೊಡನೆ ಮನೆಯ ದೀಪ ಮಂಕಾಗುವುದನ್ನು ನೆನೆದುಕೊಳ್ಳಿ.

ಇಲ್ಲಿ ಹತ್ತನೆಯ ತರಗತಿಯ ಓಮ್‌ನ ನಿಯಮ ಉಪಯೋಗಕ್ಕೆ ಬರುತ್ತದೆ. (ಇದು ಮುಂದೆ ಯಾವುದಕ್ಕೆ ಬೇಕು ಎಂದು ಹಿಂದಿನ ಬೆಂಚಿನಿಂದ ಕೇಳುತ್ತಿದ್ದವರು ಗಮನಿಸಬೇಕು.) ಹೋಗುವ ಬರುವ ತಂತಿಗಳೆರಡೂ ಸೇರಿ ಅರ್ಧ ಓಮ್ ರೋಧವಿರುವ ಕೇಬಲ್ಲಿನಲ್ಲಿ 0.9 ಆಂಪಿಯರ್ ಹರಿದರೆ 0.45 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಡಿಸ್ಕಿಗೆ ಸಿಗುವುದು 4.55 ಮಾತ್ರ. ತಂತಿ ಉದ್ದವಾದಷ್ಟೂ, ತೆಳುವಾದಷ್ಟೂ ನಷ್ಟ ಹೆಚ್ಚು. ಡೆಸ್ಕ್‌ಟಾಪ್ ಪೆಟ್ಟಿಗೆಯ ಮುಂಭಾಗದ ಪೋರ್ಟುಗಳಿಗೆ ಮದರ್‌ಬೋರ್ಡಿನಿಂದ ಒಳಗೊಳಗೇ ಇನ್ನೊಂದು ತಂತಿ ಸಾಗಿರುತ್ತದೆ. ಹಿಂಭಾಗದವು ಬೋರ್ಡಿನ ಮೇಲೆಯೇ ಬೆಸೆದಿರುತ್ತವೆ.

ನನ್ನ ಡಿಸ್ಕು ಇದ್ದದ್ದು ಮುಂಭಾಗದಲ್ಲಿ. ಹಿಂಭಾಗದ ಪೋರ್ಟಿಗೆ ಸೇರಿಸಿದೆ. ಸಂಪರ್ಕ ನಿಂತಷ್ಟು ಹೊತ್ತಿನಲ್ಲಿ ಮೊದಲು ಅತ್ತೆಯವರ ಹಾಡುಗಳನ್ನು ಕಂಪ್ಯೂಟರಿನೊಳಕ್ಕೆ ನಕಲು ಮಾಡಿಕೊಂಡೆ. ಪರೀಕ್ಷೆಗಳೆಲ್ಲ ಆಮೇಲೆ. ಕಡಿತ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಅದೇ ಪೋರ್ಟಿನಲ್ಲಿ ಗೇಣುದ್ದದ ಬೇರೆ ಕೇಬಲ್ ಹಾಕಿ ನೋಡಿದೆ. ಕೆಲಸದ ನಡುವೆ ಕಡಿಯುವುದು ಅಲ್ಲಿಗೆ ನಿಂತಿತು. ಪೋರ್ಟು, ಕೇಬಲ್ಲುಗಳನ್ನು ಒಟ್ಟಿಗೇ ಬದಲಿಸಿದ್ದರೆ ಯಾವುದು ಎಷ್ಟು ಕಾರಣವೆಂದು ತಿಳಿಯುತ್ತಿರಲಿಲ್ಲ.

ಆದರೂ ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಡಿಸ್ಕು ಕಾಣೆಯಾಗುತ್ತಿತ್ತು. ಇದು ಬೇರೆಯದೇ ಕಾಯಿಲೆ. ವಿದ್ಯುತ್ ಉಳಿಸಲೆಂದು ವಿಂಡೋಸ್ ತಾನೇ ಪೋರ್ಟನ್ನು ಮಲಗಿಸುತ್ತದೆ, ಕೆಲವು ಡಿಸ್ಕುಗಳು ಅದರಿಂದ ಸರಿಯಾಗಿ ಏಳುವುದಿಲ್ಲ. ಪವರ್ ಆಪ್ಷನ್ಸ್‌ನಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಎಂಬುದನ್ನು ನಿಲ್ಲಿಸಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ 'ಯುಎಸ್‌ಬಿ ರೂಟ್ ಹಬ್' ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಸಾಧನವನ್ನು ಆರಿಸಲು ಅನುಮತಿ ಕೊಡುವ ಗುರುತನ್ನೂ ತೆಗೆದೆ. ಅಂದಿನಿಂದ ತೊಂದರೆಯಿಲ್ಲ.

ದೊಡ್ಡ ಗಾತ್ರದ, ಸ್ವಂತ ಅಡಾಪ್ಟರ್ ಇರುವ ಡಿಸ್ಕುಗಳಲ್ಲಿ ಆ ಅಡಾಪ್ಟರನ್ನೇ ಮೊದಲು ಸಂಶಯಿಸಬೇಕು. ಇನ್ನು, ಸಂಪರ್ಕ ಪದೇ ಪದೇ ಕಡಿದ ಮೇಲೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆಂದು ವಿಂಡೋಸ್ ಕೇಳುವುದುಂಟು. ಒಳಗೆ ಬೇಕಾದುದು ಇದ್ದರೆ ಒಪ್ಪಬೇಡಿ. ಮೊದಲು ಪೋರ್ಟು, ಕೇಬಲ್ ಬದಲಿಸಿ, ಸಾಧ್ಯವಾದರೆ ಬೇರೊಂದು ಕಂಪ್ಯೂಟರಿನಲ್ಲೂ ನೋಡಿ.

ಡಿಸ್ಕಿನಿಂದ ಒಂದೇ ಸಮನೆ ಟಕ್ ಟಕ್ ಸದ್ದು ಬಂದರೆ ಮಾತು ಬೇರೆ. ಸರಿಯಾದ ವಿದ್ಯುತ್ ಸಿಕ್ಕಿಯೂ ಆ ಸದ್ದು ನಿಲ್ಲದಿದ್ದರೆ ಒಳಗಿನ ಯಂತ್ರಭಾಗವೇ ಕೆಟ್ಟಿರಬಹುದು. ಮತ್ತೆ ಮತ್ತೆ ಚಾಲೂ ಮಾಡದೆ, ದತ್ತಾಂಶ ಹಿಂಪಡೆಯುವ ಪರಿಣತರಿಗೆ ಒಪ್ಪಿಸಬೇಕು. ಅಂತಹ ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆಂದು ಹೇಳುವವರಿದ್ದಾರೆ. ಒಳಗೆ ತೇವ ಕಟ್ಟಿ, ಉಳಿದಿದ್ದುದೂ ಹೋದೀತು.