‘ಗೊತ್ತಿಲ್ಲ’ ಅನ್ನಲು ಬಾರದ ಪ್ರೋಗ್ರಾಮ್

2019ರಲ್ಲಿ ಗಣೇಶನ ಹಬ್ಬ ಸೋಮವಾರ ಬಿದ್ದಿತ್ತು. ಸೋಮವಾರ ಹಬ್ಬ ಅಂದರೆ ಶುಕ್ರವಾರ ಸಂಜೆಗೇ ಅರ್ಧ ಬೆಂಗಳೂರು ಬ್ಯಾಗು ಹೆಗಲಿಗೇರಿಸುತ್ತದೆ. ಆನಂದರಾವ್ ಸರ್ಕಲ್ಲಿನಲ್ಲಿ ಖಾಸಗಿ ಬಸ್ಸುಗಳು ಸಾಲುಗಟ್ಟಿ ನಿಂತಿರುತ್ತವೆ. ಅಂಥ ಬಸ್ಸುಗಳ ಸೀಟು ಬುಕ್ ಮಾಡುವ ಆ್ಯಪ್ ನಡೆಸುತ್ತಿದ್ದ ಸಣ್ಣ ಕಂಪನಿಯೊಂದರಲ್ಲಿ ನಾನು ಆಗ ಸರ್ವರ್ ತಂಡದ ಲೀಡ್ ಆಗಿದ್ದೆ. ಆ ಶುಕ್ರವಾರ ರಾತ್ರಿ ಸಹಾಯವಾಣಿಗೆ ಕರೆಗಳ ಮೇಲೆ ಕರೆ ಬಂದು, ಕೊನೆಗೆ ಇಂಜಿನಿಯರುಗಳೂ ಫೋನು ತೆಗೆದುಕೊಳ್ಳಲು ಕೂತೆವು. ನನಗೆ ಬಂದ ಮೂರನೆಯದೋ ನಾಲ್ಕನೆಯದೋ ಕರೆ ಒಬ್ಬ ಹೆಣ್ಣುಮಗಳದು. ಶಿರಸಿಗೆ ಹೋಗಬೇಕಿತ್ತು. ಹಿಂದೆ ಮಗು ಅಳುವುದು ಕೇಳಿಸುತ್ತಿತ್ತು.

“ಸಾರ್, ದುಡ್ಡು ಎರಡು ಸಲ ಕಟ್ಟಾಗಿದೆ. ಟಿಕೆಟ್ ಒಂದೂ ಬಂದಿಲ್ಲ. ಬಸ್ಸಿನವರು ಚಾರ್ಟಲ್ಲಿ ನಿಮ್ಮ ಹೆಸರೇ ಇಲ್ಲ ಅಂತಿದಾರೆ.”

ನಾನು ಬುಕಿಂಗ್ ಸಂಖ್ಯೆ ಕೇಳಿ ಪರದೆ ನೋಡಿದೆ. ಎರಡು ಸಾಲು. ಎರಡರ ಮುಂದೆಯೂ ‘ಪಾವತಿ ವಿಫಲ’ ಎಂದಿತ್ತು.

“ನಮ್ಮ ಕಡೆ ದುಡ್ಡು ಬಂದಿಲ್ಲ ಅಂತ ತೋರಿಸ್ತಿದೆಯಮ್ಮ.”

“ಬ್ಯಾಂಕಿನ ಮೆಸೇಜು ಬಂದಿದೆಯಲ್ಲ ಸಾರ್. ಓದ್ಲಾ?”

ಅವರು ಓದಿದರು. ಮೊತ್ತ, ಸಮಯ, ವ್ಯವಹಾರದ ಸಂಖ್ಯೆ, ಒಂದೊಂದೇ ಅಂಕಿ ಬಿಡಿಸಿ ಓದಿದರು. ನಾನು ಮತ್ತೆ ಅದೇ ಮಾತು ಹೇಳಿದೆ: ಬಂದಿಲ್ಲ. ರಾತ್ರಿ ಹತ್ತು ಗಂಟೆಗೆ ಮಗು ಕಟ್ಟಿಕೊಂಡು ರಸ್ತೆಯಲ್ಲಿ ನಿಂತ ಒಬ್ಬರಿಗೆ, ಅವರ ಕೈಯಲ್ಲಿರುವ ಪುರಾವೆಗಿಂತ ನನ್ನ ಪರದೆಯೇ ನಿಜ ಎಂದು ವಾದಿಸಿದೆ. ಈ ಬರಹ ಬರೆಯುವುದಕ್ಕೆ ಕಾರಣ ಆ ಎರಡು ನಿಮಿಷ.

ಏನಾಗಿತ್ತು ಅಂದರೆ, ಪ್ರಯಾಣಿಕರು ಯುಪಿಐನಲ್ಲಿ ದುಡ್ಡು ಹಾಕಿದ ಮೇಲೆ ನಮ್ಮ ಸರ್ವರ್, ಪಾವತಿ ನೋಡಿಕೊಳ್ಳುವ ಬೇರೊಂದು ಸಂಸ್ಥೆಯ ಸರ್ವರ್‌ಗೆ “ಇವರ ದುಡ್ಡು ಬಂತಾ?” ಎಂದು ಕೇಳುತ್ತದೆ. ಬಂತು ಎಂದರೆ ಟಿಕೆಟ್. ಇಲ್ಲ ಎಂದರೆ ಎಂಟು ನಿಮಿಷ ಹಿಡಿದಿಟ್ಟ ಸೀಟನ್ನು ಬಿಟ್ಟು ಬೇರೆಯವರಿಗೆ ಮಾರುತ್ತದೆ. ಹಬ್ಬದ ರಶ್ಶಿಗೆ ಆ ಸರ್ವರ್ ಸುಸ್ತಾಗಿತ್ತು. ಕೆಲವು ಪ್ರಶ್ನೆಗೆ 503 ಎಂದು ಉತ್ತರಿಸುತ್ತಿತ್ತು. ಸದ್ಯ ಸೇವೆ ಕೊಡಲಾರೆ ಎಂದು ಅದರ ಅರ್ಥ. ಇನ್ನು ಕೆಲವಕ್ಕೆ 200, ಅಂದರೆ ‘ಎಲ್ಲ ಸರಿ’ ಎಂಬ ಸಂಖ್ಯೆಯನ್ನೇ ಹಾಕಿ, ಒಳಗೆ ಮಾತ್ರ “ನಿರ್ವಹಣೆ ನಡೆಯುತ್ತಿದೆ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ” ಎನ್ನುವ ಎಚ್‌ಟಿಎಂಎಲ್ ಪುಟ ಕಳಿಸುತ್ತಿತ್ತು. ನಮ್ಮ ಪ್ರೋಗ್ರಾಮ್ ಆ ಪುಟದಲ್ಲಿ ತಾನು ಓದಬಲ್ಲ ಜೇಸನ್ ರೂಪದ ಉತ್ತರ ಹುಡುಕಿತು. ಸಿಗಲಿಲ್ಲ. ದೋಷ ಎಂದು ಬಗೆದು, ಎಲ್ಲ ದೋಷಕ್ಕೂ ಇದ್ದ ಒಂದೇ ದಾರಿಗೆ ಬಿತ್ತು: ಪಾವತಿ ವಿಫಲ. ಸೀಟು ಬಿಟ್ಟುಕೊಟ್ಟಿತು. ಆ ನಾಲ್ಕು ಸಾಲಿನ ಕೋಡ್ ಬರೆದವನು ನಾನು.

503 ಬಂದಾಗ ಮಾಡಿದ್ದು ಇನ್ನೂ ಕೆಟ್ಟದ್ದು. ಸೋತರೆ ಮತ್ತೆ ಮೂರು ಸಲ ಪ್ರಯತ್ನಿಸು ಎಂದು ನಮ್ಮ ಆ್ಯಪ್‌ನಲ್ಲಿ ಬರೆದಿತ್ತು. ಬುಕಿಂಗ್ ಸರ್ವರ್‌ನಲ್ಲೂ ಹಾಗೇ ಬರೆದಿತ್ತು. ಪಾವತಿ ವಿಚಾರಿಸುವ ಸರ್ವಿಸ್‌ನಲ್ಲೂ ಬರೆದಿತ್ತು. ಮೂರೂ ಕಡೆ ಬರೆದವರು ಬೇರೆ ಬೇರೆ, ಒಬ್ಬರದು ಒಬ್ಬರಿಗೆ ಗೊತ್ತಿಲ್ಲ. ಮೊದಲ ಸಲ ಸೇರಿ ಒಂದೊಂದು ಹಂತಕ್ಕೆ ನಾಲ್ಕು. ನಾಲ್ಕು ನಾಲ್ಕಲ ಹದಿನಾರು, ಅದನ್ನು ಇನ್ನೊಂದು ನಾಲ್ಕರಿಂದ ಗುಣಿಸಿದರೆ 64. ಒಬ್ಬ ಪ್ರಯಾಣಿಕರ ಒಂದು ಪ್ರಶ್ನೆ, ಮೊದಲೇ ಉಸಿರು ಕಟ್ಟಿದ್ದ ಸರ್ವರ್‌ನ ಬಾಗಿಲು ಅರವತ್ತನಾಲ್ಕು ಸಲ ತಟ್ಟುತ್ತಿತ್ತು. ನಡುವೆ ಒಂದು ಸೆಕೆಂಡಿನ ಬಿಡುವೂ ಇಲ್ಲ. ಪಾವತಿ ಸಂಸ್ಥೆಯವರು ಪ್ರತಿ 503ರ ಜೊತೆ ‘ರಿಟ್ರೈ-ಆಫ್ಟರ್’ ಎಂಬ ಹೆಡರ್‌ನಲ್ಲಿ 30 ಎಂದು ಕಳಿಸುತ್ತಿದ್ದರು, ಮೂವತ್ತು ಸೆಕೆಂಡು ಬಿಟ್ಟು ಕೇಳಿ ಎಂದು. ಅದನ್ನು ಓದುವ ಕೋಡ್ ನಮ್ಮಲ್ಲಿ ಎಲ್ಲೂ ಇರಲಿಲ್ಲ.

ಇದೆಲ್ಲ ಪರೀಕ್ಷೆಯಲ್ಲಿ ಸಿಕ್ಕಿಬೀಳಬೇಕಿತ್ತಲ್ಲವೇ? ಪರೀಕ್ಷೆ ಮಾಡಿಸಿದ್ದೂ ನಾನೇ.

ನೆಟ್‌ಫ್ಲಿಕ್ಸ್ ಕಂಪನಿಯ ಕೋತಿಯ ಕಥೆ ನಮ್ಮ ಕಸುಬಿನವರಿಗೆಲ್ಲ ಗೊತ್ತು. 2008ರ ಆಗಸ್ಟ್‌ನಲ್ಲಿ ಅವರ ಡೇಟಾಬೇಸ್ ಕೆಟ್ಟು, ಮೂರು ದಿನ ಗ್ರಾಹಕರಿಗೆ ಡಿವಿಡಿ ಕಳಿಸಲಾಗಲಿಲ್ಲ. ಆಮೇಲೆ ಅವರು ಅಮೆಜಾನ್ ಕ್ಲೌಡ್‌ಗೆ ಹೋದರು. ಅಲ್ಲಿ ಯಾವ ಯಂತ್ರ ಯಾವಾಗ ಬೇಕಾದರೂ ಸಾಯಬಹುದು ಎಂದು, ತಾವೇ ‘ಕೇಯಾಸ್ ಮಂಕಿ’ ಎಂಬ ಪ್ರೋಗ್ರಾಮ್ ಬರೆದು ಕೆಲಸದ ವೇಳೆಯಲ್ಲೇ ಒಂದೊಂದು ಯಂತ್ರವನ್ನು ಆಫ್ ಮಾಡಿ ನೋಡತೊಡಗಿದರು. ನಾನೂ ಹಾಗೇ ಮಾಡಿಸಿದ್ದೆ. ಒಂದು ಬುಧವಾರ ಮಧ್ಯಾಹ್ನ ಎಲ್ಲರನ್ನೂ ಕರೆದು, ಎರಡು ಸರ್ವರ್‌ಗಳಲ್ಲಿ ಒಂದನ್ನು ಆಫ್ ಮಾಡಿದೆ. ಲೋಡ್ ಬ್ಯಾಲೆನ್ಸರ್ ಎಲ್ಲ ಕರೆಗಳನ್ನು ಇನ್ನೊಂದಕ್ಕೆ ತಿರುಗಿಸಿತು. ಚಪ್ಪಾಳೆ ಬಿತ್ತು. ಪಾವತಿಯ ಟೆಸ್ಟ್ ಸರ್ವರ್ ಆಫ್ ಮಾಡಿದರೂ ತೊಂದರೆ ಆಗಲಿಲ್ಲ. ಸತ್ತ ಸರ್ವರ್ ಏನೂ ಹೇಳುವುದಿಲ್ಲ, ಸಂಪರ್ಕವೇ ಸಿಗುವುದಿಲ್ಲ, ಆ್ಯಪ್ ದುಡ್ಡು ಕೇಳುವ ಮೊದಲೇ ನಿಂತುಬಿಡುತ್ತದೆ.

ನಾನು ಓದಿದ್ದು ಆ ಮೊದಲ ಕೋತಿಯ ಕಥೆ ಮಾತ್ರ. 2011ರಲ್ಲಿ ಅದೇ ಕಂಪನಿ ಇಡೀ ಕೋತಿಗಳ ಸೈನ್ಯವನ್ನೇ ವಿವರಿಸಿ ಬರೆದಿತ್ತು. ಅದರಲ್ಲಿ ‘ಲೇಟೆನ್ಸಿ ಮಂಕಿ’ ಎಂಬುದಿತ್ತು. ಅದು ಯಾವ ಯಂತ್ರವನ್ನೂ ಕೊಲ್ಲುವುದಿಲ್ಲ. ಒಂದು ಸರ್ವಿಸ್ ಇನ್ನೊಂದಕ್ಕೆ ಕೊಡುವ ಉತ್ತರವನ್ನು ಬೇಕೆಂದೇ ತಡಮಾಡಿಸಿ, ಕೇಳಿದವರು ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡುತ್ತದೆ. ನಮಗೆ ಬೇಕಿದ್ದದ್ದು ಅದು.

ಅದನ್ನು ನನಗೆ ಹೇಳಿದವರು ಇರಲಿಲ್ಲ ಅನ್ನಲಾರೆ. ನಮ್ಮ ತಂಡಕ್ಕೆ ಕಾಲೇಜಿನಿಂದ ನೇರ ಬಂದಿದ್ದ ಹುಡುಗಿಯೊಬ್ಬಳು ಏಪ್ರಿಲ್‌ನಲ್ಲೇ ಕೇಳಿದ್ದಳು: “ಸಾರ್, ಅವರ ಸರ್ವರ್ ಇದ್ದೂ ತಪ್ಪು ಉತ್ತರ ಕೊಟ್ರೆ? ಮಧ್ಯೆ ಒಂದು ಪ್ರಾಕ್ಸಿ ಇಟ್ಟು ನಾವೇ ತಪ್ಪು ಉತ್ತರ ಕಳಿಸಿ ನೋಡೋಣ್ವಾ? ಎರಡು ದಿನದ ಕೆಲಸ.” ರಿಲೀಸ್ ಮುಗೀಲಿ, ಆಮೇಲೆ ನೋಡೋಣ ಎಂದೆ. ಜೂನ್‌ನಲ್ಲಿ ಮ್ಯಾನೇಜರು “ಪೇಮೆಂಟ್ ಕಡೆ ಏನಾದ್ರೂ ಎಡವಟ್ಟಾದ್ರೆ?” ಎಂದು ಕೇಳಿದಾಗ “ಏನೂ ಆಗಲ್ಲ ಸಾರ್, ಟೆಸ್ಟ್ ಆಗಿದೆ” ಎಂದೆ. ಗೊತ್ತಿಲ್ಲ ಎನ್ನಬೇಕಿತ್ತು. ನನಗೆ ನಿಜವಾಗಿ ಗೊತ್ತಿರಲಿಲ್ಲ.

ಹಬ್ಬ ಮುಗಿದ ಮಂಗಳವಾರ ನಾನು ಬರೆದ ವರದಿಯಲ್ಲಿ ತಪ್ಪೆಲ್ಲ ಪಾವತಿ ಸಂಸ್ಥೆಯದ್ದು. ಮೀಟಿಂಗಿನಲ್ಲಿ ಅದನ್ನು ಓದುವಾಗ ಆ ಹುಡುಗಿ ಎದುರಿಗೇ ಕೂತಿದ್ದಳು. ಒಂದು ಮಾತೂ ಆಡಲಿಲ್ಲ. ತಲೆ ತಗ್ಗಿಸಿ ನೋಟ್‌ಬುಕ್ಕಿನ ಅಂಚಿನಲ್ಲಿ ಗೆರೆ ಎಳೆಯುತ್ತಿದ್ದಳು. ಅಂದು ಸಂಜೆ ಅವಳ ಪ್ರಾಕ್ಸಿಗೆ ಎರಡು ದಿನ ಅಲ್ಲ, ಎರಡು ವಾರ ಕೊಟ್ಟೆ.

ಅವಳು ಕಟ್ಟಿದ್ದು ದೊಡ್ಡದೇನಲ್ಲ. ನಮ್ಮ ಸರ್ವರ್‌ಗೂ ಪಾವತಿಯ ಟೆಸ್ಟ್ ಸರ್ವರ್‌ಗೂ ನಡುವೆ ಕೂತು ಉತ್ತರಗಳನ್ನು ತಿದ್ದಿ ಕಳಿಸುವ ಸಣ್ಣ ಪ್ರೋಗ್ರಾಮ್. ಹತ್ತರಲ್ಲಿ ಒಂದು ಉತ್ತರವನ್ನು 503 ಮಾಡು. ಒಂದನ್ನು ಇಪ್ಪತ್ತು ಸೆಕೆಂಡು ತಡೆದಿಡು. ಒಂದರ ಜೇಸನ್ ಅರ್ಧಕ್ಕೆ ಕತ್ತರಿಸು. ಒಂದಕ್ಕೆ 200 ಹಾಕಿ ಒಳಗೆ ಎಚ್‌ಟಿಎಂಎಲ್ ಇಡು. ಈಗಾದರೆ ತಡ ಮಾಡಿಸುವುದು, ದೋಷದ ಸಂಖ್ಯೆ ಕಳಿಸುವುದು ಎರಡನ್ನೂ ಇಸ್ಟಿಯೊದಂಥ ಸಲಕರಣೆಯಲ್ಲಿ ಕೆಲವೇ ಸಾಲಿನ ಸೆಟ್ಟಿಂಗ್‌ನಿಂದ ಮಾಡಬಹುದು. ಒಬ್ಬರೇ ಕೂತು ಒಂದೆರಡು ಉತ್ತರ ಬದಲಿಸಿ ನೋಡಲು ಫಿಡ್ಲರ್ ಎಂಬ ಸಲಕರಣೆ ಸಾಕು. ಅವಳ ಪ್ರಾಕ್ಸಿಯನ್ನು ಮೊದಲ ಸಲ ಎಲ್ಲ ಉತ್ತರವನ್ನೂ 503 ಮಾಡಿ ಓಡಿಸಿದಾಗ ಲಾಗ್‌ನಲ್ಲಿ ಒಂದೇ ಬುಕಿಂಗ್ ಸಂಖ್ಯೆ ಮೇಲಿಂದ ಕೆಳಗೆ ಇಳಿಯುತ್ತಲೇ ಹೋಯಿತು. ಅವಳು ಬೆರಳಿಟ್ಟು ಎಣಿಸಿದಳು. ಅರವತ್ತನಾಲ್ಕು.

ಮುಂದಿನ ರಿಪೇರಿಗಳು ಪುಸ್ತಕದಲ್ಲಿರುವಂಥವೇ. ಮರುಪ್ರಯತ್ನ ಒಂದೇ ಹಂತದಲ್ಲಿ ಇರಲಿ ಎಂದು ಉಳಿದೆರಡು ಕಡೆ ತೆಗೆದೆವು. ಒಂದು ಸೆಕೆಂಡು, ಎರಡು, ನಾಲ್ಕು, ಎಂಟು ಎಂದು ಅಂತರ ಹೆಚ್ಚುತ್ತ ಹೋಗುವಂತೆ ಮಾಡಿ, ಎಲ್ಲರೂ ಒಂದೇ ಗಳಿಗೆಗೆ ಮುಗಿಬೀಳದಂತೆ ಅದರಲ್ಲೊಂದಿಷ್ಟು ಹಿಂದುಮುಂದು ಸೇರಿಸಿದೆವು. ರಿಟ್ರೈ-ಆಫ್ಟರ್ ಓದಿದೆವು. ತಪ್ಪು ಉತ್ತರ ಮಿತಿ ಮೀರಿದರೆ ಮನೆಯ ಎಂಸಿಬಿ ಟ್ರಿಪ್ ಆಗುವ ಹಾಗೆ ಕೆಲಕಾಲ ಕರೆಯನ್ನೇ ನಿಲ್ಲಿಸುವ ‘ಸರ್ಕ್ಯೂಟ್ ಬ್ರೇಕರ್’ ಹಾಕಿದೆವು. ಇವೇನೂ ಸಣ್ಣ ಕಂಪನಿಯ ಚಿಂತೆ ಮಾತ್ರವಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್‌ನ ಡೈನಮೋಡಿಬಿ ಎಂಬ ಡೇಟಾಬೇಸ್ ಸೇವೆ ಗಂಟೆಗಟ್ಟಲೆ ಮಲಗಿದ್ದಕ್ಕೂ ಉತ್ತರ ತಡವಾದಾಗ ಯಂತ್ರಗಳು ಮತ್ತೆ ಮತ್ತೆ ಕೇಳಿದ್ದು ದೊಡ್ಡ ಕಾರಣವಾಗಿತ್ತು.

ಆದರೆ ನನ್ನ ಪ್ರಕಾರ ನಿಜವಾದ ರಿಪೇರಿ ಒಂದೇ ಪದದ್ದು. ನಮ್ಮ ಡೇಟಾಬೇಸ್‌ನಲ್ಲಿ ಪಾವತಿಗೆ ಎರಡೇ ಸ್ಥಿತಿ ಇತ್ತು: ಆಗಿದೆ, ಆಗಿಲ್ಲ. ಮೂರನೆಯದನ್ನು ಸೇರಿಸಿದೆವು: ಗೊತ್ತಿಲ್ಲ. ಗೊತ್ತಿಲ್ಲ ಎಂದಿರುವ ತನಕ ಸೀಟು ಬೇರೆಯವರಿಗೆ ಹೋಗಬಾರದು, ಪ್ರಯಾಣಿಕರಿಗೆ ‘ವಿಫಲ’ ಎಂದು ಹೇಳಬಾರದು, ಮತ್ತೆ ದುಡ್ಡು ಕೇಳಬಾರದು. ಸಹಾಯವಾಣಿಯವರ ಪರದೆಯಲ್ಲೂ ಅದೇ ಪದ ಕಾಣಬೇಕು, ಫೋನಿನಲ್ಲಿ ಕೂತವರು ಬ್ಯಾಂಕಿನ ಮೆಸೇಜು ಓದುವವರ ಜೊತೆ ವಾದಕ್ಕೆ ಇಳಿಯದಂತೆ.

ಎರಡನೇ ವಾರದ ಕೊನೆಗೆ ನನ್ನ ವರದಿ ತಪ್ಪು ಎಂದು ಎಲ್ಲರಿಗೂ ಮೇಲ್ ಕಳಿಸಿದೆ. ಏಪ್ರಿಲ್‌ನಲ್ಲಿ ಯಾರು ಏನು ಕೇಳಿದ್ದರು, ನಾನು ಏನು ಹೇಳಿದ್ದೆ ಎಂದು ದಿನಾಂಕದ ಸಮೇತ ಬರೆದೆ. ದುಡ್ಡು ವಾಪಸ್ ಹೋಗಿದೆಯೇ ಎಂದು ವಿಚಾರಿಸಲು ಆ ಶಿರಸಿಯವರಿಗೂ ಫೋನು ಮಾಡಿದೆ. ಆ ರಾತ್ರಿ ಮೆಜೆಸ್ಟಿಕ್ಕಿನಲ್ಲೇ ಕೂತಿದ್ದು ಬೆಳಗಿನ ಸರ್ಕಾರಿ ಬಸ್ಸಿಗೆ ಹೋದರಂತೆ. “ದುಡ್ಡು ಬಂತು ಸಾರ್. ಅವತ್ತು ನೀವು ನಂಬಲಿಲ್ಲ, ಅದೇ ಬೇಜಾರಾಗಿದ್ದು” ಎಂದರು. ತಪ್ಪಾಯಿತು ಎಂದೆ.

ಇಂಥ ಕೆಲಸದಲ್ಲಿರುವವರಿಗೆ ನನ್ನದೊಂದು ಕೋರಿಕೆ. ಮುಂದಿನ ಹಬ್ಬದ ರಶ್ ಶುರುವಾಗುವ ಮೊದಲು ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ನಿಮ್ಮ ಟೆಸ್ಟ್ ಸರ್ವರ್‌ಗೆ 200 ಎಂಬ ಸಂಖ್ಯೆ ಹಾಕಿ, ಒಳಗೆ ನಿರ್ವಹಣೆಯ ಪುಟ ಇಟ್ಟು ಕಳಿಸಿ. ಆಮೇಲೆ ಲಾಗ್ ನೋಡುವ ಮೊದಲು ಆ್ಯಪ್ ತೆರೆದು, ದುಡ್ಡು ಕೊಟ್ಟವರಿಗೆ ಅಲ್ಲಿ ಏನು ಕಾಣುತ್ತದೆ ಎಂದು ಓದಿ.