ಹಾಳೆಯ ಕವಚ

ವೇಷ ಕಟ್ಟಿ, ಪಾತ್ರವೇ ತಾನಾಗಿ ಬಯಲಿನಲ್ಲಿ ಯುದ್ಧವಾಡುವ ಹವ್ಯಾಸವೊಂದು ಹೊರದೇಶಗಳಲ್ಲಿದೆ. ‘ಲಾರ್ಪ್’ ಎನ್ನುತ್ತಾರೆ. ಅಮೆರಿಕದಲ್ಲಿ 1977ರಲ್ಲಿ ಶುರುವಾದ ‘ಡಾಗೊರ್‌ಹಿರ್’, ಇಂಗ್ಲೆಂಡಿನ ಪೆಕ್‌ಫರ್ಟನ್ ಕೋಟೆಯಲ್ಲಿ 1982ರಲ್ಲಿ ಶುರುವಾದ ‘ಟ್ರೆಷರ್ ಟ್ರ್ಯಾಪ್’ ಈ ಬಗೆಯ ಹಳೆಯ ಗುಂಪುಗಳು. ಕತ್ತಿಗೆ ಪೆಟ್ಟಾಗದಂತೆ ಫೋಮ್ ಸುತ್ತಿರುತ್ತಾರೆ. ಕವಚವನ್ನು ಬಹಳಷ್ಟು ಜನ ಮನೆಯಲ್ಲೇ ಚರ್ಮದಿಂದಲೋ ಬಿಸಿ ಮಾಡಿ ಬಾಗಿಸಿದ ಫೋಮಿನಿಂದಲೋ ಮಾಡಿಕೊಳ್ಳುತ್ತಾರೆ.

ನಮ್ಮಲ್ಲಿ ಅಂಥ ಗುಂಪಿಲ್ಲ, ಬಯಲಾಟವಿದೆ. ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನು ಹಗುರ ಮರದಲ್ಲಿ ಕೆತ್ತಿ ಬೇಗಡೆ ಅಂಟಿಸುತ್ತಾರೆ. ದೀಪದ ಬೆಳಕಿಗೆ ಅದು ಚಿನ್ನವೇ. ನನ್ನ ಅಕ್ಕನ ಮಗಳು ಕೇಳಿದ್ದೂ ಅಂಥದ್ದನ್ನೇ. ಶಾಲೆಯ ವಾರ್ಷಿಕೋತ್ಸವಕ್ಕೆ ವೀರಗಲ್ಲಿನ ಕಥೆಯ ಕಿರುನಾಟಕ. ದನ ಬಿಡಿಸಿಕೊಂಡು ಬರಲು ಹೋಗಿ ಮಡಿಯುವ ವೀರನ ಪಾತ್ರ ಅವಳದು. “ಚಿಕ್ಕಿ, ನೀನು ಅದನ್ನೇ ಅಲ್ವಾ ಓದೋದು? ಕವಚ ಮಾಡ್ಕೊಡು” ಎಂದಳು.

ನಾನು ಓದುವುದು ಅದನ್ನೇ. ಶಿಕಾರಿಪುರ, ಸೊರಬ ತಾಲ್ಲೂಕುಗಳ ವೀರಗಲ್ಲುಗಳ ಮೇಲೆ ಸಂಶೋಧನೆ ಶುರುಮಾಡಿ ಐದನೇ ವರ್ಷ. ಬಳ್ಳಿಗಾವಿ, ಬಂದಳಿಕೆ, ಉದ್ರಿ ಎಂದು ತಿರುಗಿದ್ದೇನೆ. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ತೊಡಕಿದ್ದದ್ದು ಕೆಳಗಿನ ಪಟ್ಟಿಯಲ್ಲಿ. ನಾನು ನೋಡಿದ ತುರುಗೊಳ್ ಕಲ್ಲುಗಳಲ್ಲಿ ಹೆಚ್ಚಿನ ವೀರರ ಮೈಮೇಲೆ ಕವಚವೇ ಇಲ್ಲ. ಸೊಂಟಕ್ಕೆ ಕಟ್ಟಿದ ಬಟ್ಟೆ, ಗಂಟು ಹಾಕಿದ ಕೂದಲು, ಕೈಯಲ್ಲಿ ಬಿಲ್ಲೋ ಕತ್ತಿಯೋ, ಅಷ್ಟೆ.

ಇದನ್ನು ಹೇಳಿದರೆ ಹುಡುಗಿ ಒಪ್ಪಲಿಲ್ಲ. “ಕವಚ ಇಲ್ದೆ ಇದ್ರೆ ವೀರ ಅಂತ ಹೆಂಗೆ ಗೊತ್ತಾಗುತ್ತೆ?” ಎಂದಳು. ಅಮ್ಮನಿಗೆ ಬೇರೆ ಚಿಂತೆ, ಹೆಣ್ಣು ಹುಡುಗಿಗೆ ಈ ಪಾತ್ರ ಯಾಕೆ ಎಂದು. ಹತ್ತನೇ ಶತಮಾನದ ಆರಂಭದಲ್ಲಿ ಇದೇ ಸೀಮೆಯನ್ನು, ಆಗಿನ ನಾಗರಖಂಡ ಎಪ್ಪತ್ತನ್ನು, ಗಂಡ ತೀರಿಕೊಂಡ ಮೇಲೆ ಜಕ್ಕಿಯಬ್ಬೆ ಎಂಬವಳು ಆಳಿದ್ದಳು, ಶಾಸನವಿದೆ ಎಂದೆ. ಅಮ್ಮ ಸುಮ್ಮನಾದಳು.

ಕೊನೆಗೆ ಕವಚ ಮಾಡುವುದೆಂದೇ ಆಯಿತು. ತೋಟದಲ್ಲಿ ಬೇಕಾದಷ್ಟು ಬಿದ್ದಿರುವಾಗ ಫೋಮ್ ಯಾಕೆ? ಅಗಲವಾದ ಅಡಿಕೆ ಹಾಳೆಗಳನ್ನು ಆರಿಸಿ ನೀರಲ್ಲಿ ನೆನೆಸಿದೆವು. ನೆನೆದ ಹಾಳೆ ಚರ್ಮದಂತೆ ಬಾಗುತ್ತದೆ. ಬೋರಲು ಹಾಕಿದ ಕೊಡಪಾನದ ಮೇಲೆ ಹರಡಿ, ಹಗ್ಗ ಬಿಗಿದು ಒಣಗಿಸಿದರೆ ಅದೇ ಆಕಾರಕ್ಕೆ ನಿಲ್ಲುತ್ತದೆ. ಹಳೆಯ ಪತ್ರಿಕೆಯನ್ನು ಅವಳ ಮೈಗೆ ಸುತ್ತಿ ಅಳತೆ ತೆಗೆದು, ಎದೆಗೆರಡು, ಬೆನ್ನಿಗೆರಡು ತುಂಡು ಕತ್ತರಿಸಿದೆ. ಹಾಳೆಯ ನಾರು ಉದ್ದಕ್ಕೆ ಓಡುತ್ತದೆ; ಅಂಚಿನಲ್ಲಿ ತೂತು ಹೊಡೆದರೆ ನಾರಿನ ಗುಂಟ ಸೀಳಿಬಿಡುತ್ತದೆ. ಹಾಗಾಗಿ ಅಂಚಿಗೆ ಬಟ್ಟೆಯ ಪಟ್ಟಿ ಅಂಟಿಸಿ, ಎರಡು ಬೆರಳು ಒಳಗೆ ದಬ್ಬಳದಿಂದ ಹೊಲಿದೆವು. ಭುಜದ ತುಂಡನ್ನು ಎದೆಗೆ ಸೇರಿಸಿ ಹೊಲಿಯುವಂತಿಲ್ಲ, ಕೈ ಎತ್ತಲಾಗುವುದಿಲ್ಲ. ಹಳೆಯ ಸ್ಕೂಲ್‌ಬ್ಯಾಗಿನ ಪಟ್ಟಿಯಿಂದ ಅದನ್ನು ಬೇರೆಯಾಗಿ ಇಳಿಬಿಟ್ಟೆವು.

ಅಪ್ಪ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ. ಐದು ವರ್ಷದಲ್ಲಿ ನನ್ನ ಓದಿನ ಬಗ್ಗೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ಯಾವಾಗ ಮುಗಿಯುತ್ತದೆ ಎಂದು. ಅವತ್ತು, “ಆ ಕಲ್ಲಿನೋನಿಗೆ ಕವಚ ಇಲ್ಲ ಅಂದ್ಯಲ್ಲ, ಎಂತಕ್ಕೆ?” ಎಂದ. ಕವಚ ದುಬಾರಿ, ಇವರು ಅರಸರ ಸೈನಿಕರಲ್ಲ, ಊರಿನವರು. ಶಿಲ್ಪಿಗಳ ರೂಢಿಯೂ ಇರಬಹುದು ಎಂದು ಹೇಳಿದೆ. ಅಪ್ಪ ತಲೆಯಾಡಿಸಿದ. “ಅದೆಲ್ಲ ಇರ್ಬೋದು. ದನ ಹೊಡ್ಕೊಂಡು ಹೋಗ್ತಿದಾರೆ ಅಂತ ಕೂಗು ಬಿದ್ರೆ ಹೆಂಗಿದ್ನೋ ಹಂಗೇ ಓಡಿರ್ತಾನೆ. ಕವಚ ಕಟ್ಟಾಕೆ ಪುರುಸೊತ್ತೆಲ್ಲಿ?”

ನನ್ನ ಟಿಪ್ಪಣಿಗಳಲ್ಲಿ ಆಯುಧಗಳ ಪಟ್ಟಿಯಿತ್ತು, ಕಾಲಮಾನವಿತ್ತು, ಪ್ರಭುತ್ವದ ಚರ್ಚೆಯಿತ್ತು. ಆ ಮನುಷ್ಯನಿಗೆ ಅವತ್ತು ಸಿಕ್ಕಿದ್ದ ಹೊತ್ತು ಎಷ್ಟು ಎಂಬ ಯೋಚನೆ ಇರಲಿಲ್ಲ. ರಾತ್ರಿ ಹಟ್ಟಿಯಲ್ಲಿ ಸದ್ದಾದರೆ ಚಪ್ಪಲಿ ಹುಡುಕದೆ ಓಡುವವನಿಗೆ ಅದು ಗೊತ್ತಿತ್ತು. ಅಪ್ಪನ ಮಾತನ್ನು ಪುರಾವೆ ಎಂದು ಪ್ರಬಂಧದಲ್ಲಿ ಸೇರಿಸಲಾಗದು. ಆದರೆ ಕಲ್ಲಿನ ಮುಂದೆ ನಿಂತು ಏನನ್ನು ಕೇಳಬೇಕು ಎಂಬುದಕ್ಕೆ ಅದು ಸಾಕು. ಊರು ಅವನಿಗೆ ಕಲ್ಲು ನಿಲ್ಲಿಸಿದ್ದು ಸತ್ತ ಮೇಲೆ. ಹೊರಡುವ ಮುಂಚೆ ಮೈಯಳತೆ ತೆಗೆದು ಏನಾದರೂ ಕಟ್ಟಿಕೊಡಲು ಮನೆಯವರಿಗೆ ಹೊತ್ತೇ ಸಿಕ್ಕಿರಲಿಲ್ಲ.

ನಾಟಕದಲ್ಲಿ ನಮ್ಮ ವೀರ ಕೂಗು ಕೇಳಿದೊಡನೆ ಕವಚದ ಪಟ್ಟಿ ಬಿಗಿಯತೊಡಗಿದಳು. ಅಷ್ಟರಲ್ಲಿ ದನ ಹೊಡೆಯುವವರು ಅರ್ಧ ವೇದಿಕೆ ದಾಟಿದ್ದರು. ಒಂದು ಭುಜ ಕಟ್ಟಿ, ಇನ್ನೊಂದನ್ನು ಹಾಗೇ ಬಿಟ್ಟು ಓಡಿದಳು. ಅದು ನಾವು ಹೇಳಿಕೊಟ್ಟಿದ್ದಲ್ಲ.

ಕವಚ ಈಗ ಅಡುಗೆಮನೆಯ ಅಟ್ಟದಲ್ಲಿದೆ. ಮಳೆಗಾಲಕ್ಕೆ ಬೂಸ್ಟು ಹಿಡಿಯದಿರಲಿ ಎಂದು ಅಮ್ಮ ಒಲೆಯ ಹೊಗೆ ತಾಗುವ ಕಡೆ ನೇತುಹಾಕಿದ್ದಾಳೆ. ಮುಂದಿನ ವಾರ ಬಂದಳಿಕೆಗೆ ಹೋಗುವವಳಿದ್ದೇನೆ. ಅಪ್ಪನೂ ಬರುತ್ತಾನಂತೆ.