ಅಮ್ಮನ ಬಾಯಲ್ಲಿ ಉಳಿದ ಪ್ರಾರ್ಥನೆ

2025ರ ಜ್ಯೂಬಿಲಿಗೆ ಸಿದ್ಧತೆಯಾಗಿ 2024ನೇ ಇಸವಿಯನ್ನು ಪ್ರಾರ್ಥನಾ ವರ್ಷವೆಂದು ಪೋಪ್ ಫ್ರಾನ್ಸಿಸ್ ಅವರು ಘೋಷಿಸಿದ್ದು ನಿಮಗೆಲ್ಲ ನೆನಪಿರಬಹುದು. ಆಗ ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯವರು ಬಂದು, "ಫಾದರ್, ತಪಸ್ಸುಕಾಲದಲ್ಲಿ ಪ್ರಾರ್ಥನೆ ಮಾಡುವುದು ಹೇಗೆಂದು ಜನರಿಗೆ ಕಲಿಸಿಕೊಡಿ. ಭಾನುವಾರ ಪೂಜೆ ಮುಗಿದ ಮೇಲೆ ಅರ್ಧ ಗಂಟೆ ಸಾಕು" ಎಂದರು. ನಾನು ಒಪ್ಪಿಕೊಂಡೆ. ಆದರೆ ಒಂದು ಮಾತನ್ನು ಅವರಿಗೆ ಹೇಳಲಿಲ್ಲ. ಅದಾಗಲೇ ನಾಲ್ಕು ತಿಂಗಳಿಂದ ನಾನೇ ಪ್ರಾರ್ಥನೆ ಮಾಡುತ್ತಿರಲಿಲ್ಲ.

ಪ್ರಿಯ ಓದುಗರೇ, ಆಶ್ಚರ್ಯಪಡಬೇಡಿ. ಬಲಿಪೂಜೆ ಅರ್ಪಿಸುತ್ತಿದ್ದೆ, ಪ್ರಸಂಗ ಮಾಡುತ್ತಿದ್ದೆ, ಗುರುಗಳು ದಿನವೂ ಹೇಳಬೇಕಾದ ಪ್ರಾರ್ಥನಾ ಗ್ರಂಥದ ಪುಟಗಳನ್ನೂ ತಿರುವುತ್ತಿದ್ದೆ. ಆದರೆ ಬಾಗಿಲು ಮುಚ್ಚಿಕೊಂಡು ದೇವರೆದುರು ಕೂರುವುದನ್ನು ಬಿಟ್ಟಿದ್ದೆ. ಕೂತರೆ ಒಂದೇ ಪ್ರಶ್ನೆ ಬರುತ್ತಿತ್ತು. ಅದನ್ನು ಎದುರಿಸುವ ಧೈರ್ಯ ನನಗಿರಲಿಲ್ಲ.

ನನ್ನ ಊರು ತಾಳವಾಡಿ ಸೀಮೆಯಲ್ಲಿದೆ. ತಮಿಳುನಾಡಿಗೆ ಸೇರಿದ್ದರೂ ಮನೆಮಾತು ಕನ್ನಡ, ಸಂತೆ ಸಾಮಾನಿಗೆ ಚಾಮರಾಜನಗರ. ಡಾ. ರಾಜಕುಮಾರ್ ಅವರ ಗಾಜನೂರು ಇರುವುದೂ ಈ ಸೀಮೆಯಲ್ಲೇ. ನಾನು ಚಿಕ್ಕವನಿದ್ದಾಗ ರಾತ್ರಿಯಾದರೆ ಅಪ್ಪ ಆನೆ ಕಾಯಲು ಹೊಲದ ಅಟ್ಟಣೆಗೆ ಹೋಗುತ್ತಿದ್ದರು. ಅವರು ಹೊರಡುವ ಮುನ್ನ ಸೀಮೆಎಣ್ಣೆ ಬುಡ್ಡಿಯ ಮುಂದೆ ನಾವೆಲ್ಲ ಮೊಣಕಾಲೂರಬೇಕಿತ್ತು. ಅಮ್ಮ ಜಪಸರ ನಡೆಸುತ್ತಿದ್ದಳು. ಅವಳಿಗೆ ಓದು ಬಾರದು. ಎಲ್ಲ ಜಪಗಳನ್ನೂ ಅವಳ ಅಮ್ಮನ ಬಾಯಿಂದ ಕೇಳಿ ಕಲಿತವಳು. ನಾಲ್ಕನೇ ರಹಸ್ಯದ ಹೊತ್ತಿಗೆ ನಾನು ತೂಕಡಿಸುತ್ತಿದ್ದೆ. ಅಮ್ಮ ಜಪ ನಿಲ್ಲಿಸದೆಯೇ ನನ್ನ ಕಿವಿ ಹಿಂಡುತ್ತಿದ್ದಳು.

ಗುರುಮಠಕ್ಕೆ ಹೋದ ಮೇಲೆ ಪ್ರಾರ್ಥನೆಯ ಬಗ್ಗೆ ಬಹಳ ಕಲಿತೆ. ಬಾಯಿಪ್ರಾರ್ಥನೆ, ಧ್ಯಾನ, ಮೌನದ ದೈವದರ್ಶನ ಎಂಬ ಮೂರು ವಿಧಗಳನ್ನು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ವಿವರಿಸುತ್ತದೆ. ನಾನು ಇವನ್ನು ಮೂರು ತರಗತಿಗಳೆಂದು ಭಾವಿಸಿಬಿಟ್ಟೆ. ಬಾಯಿಪ್ರಾರ್ಥನೆ ಒಂದನೇ ಕ್ಲಾಸು, ಅದು ನಮ್ಮ ಅಮ್ಮನಂಥವರಿಗೆ. ನನ್ನಂಥ ಓದಿದವರದು ಮೇಲಿನ ಕ್ಲಾಸು. ರಜೆಗೆ ಮನೆಗೆ ಬಂದಾಗ ಒಮ್ಮೆ, "ಅಮ್ಮ, ಗಿಳಿಪಾಠದ ಹಾಗೆ ಹೇಳಬಾರದು, ಸ್ವಂತ ಮಾತಿನಲ್ಲಿ ದೇವರೊಡನೆ ಮಾತಾಡಬೇಕು" ಎಂದು ಬೋಧಿಸಿದ್ದೆ. ಅವಳು ನಕ್ಕು, "ನನಗೆ ಅಷ್ಟೆಲ್ಲ ಮಾತು ಬರಲ್ಲ ಕಂದ" ಎಂದಿದ್ದಳು.

2023ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅಮ್ಮ ಒಲೆಯ ಮುಂದೆ ಕುಸಿದಳು. ಬಲಗೈ ಬಲಗಾಲು ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು. ಅಕ್ಕ ನನಗೆ ಏಳು ಸಲ ಕರೆ ಮಾಡಿದ್ದಾಳೆ. ನಾನೊಂದು ಸಭೆಯಲ್ಲಿದ್ದೆ. ಫೋನಿನ ಸದ್ದು ಅಡಗಿಸಿಟ್ಟಿದ್ದೆ. ಹೊರಬಂದು ನೋಡಿ, ಪರಿಚಯದವರಿಗೆ ಹೇಳಿ ವಾಹನ ಹೊಂದಿಸಿ, ಮೈಸೂರಿನ ಆಸ್ಪತ್ರೆ ಸೇರಿಸುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಾವು ಆ ಹೊತ್ತು ಮೀರಿ ಬಂದಿದ್ದೆವು. ಅಮ್ಮ ಬದುಕಿಕೊಂಡಳು, ಆದರೆ ಮಾತು ಹೋಯಿತು. ಏನು ಕೇಳಿದರೂ "ತಾ, ತಾ" ಎಂಬ ಒಂದೇ ಶಬ್ದ. ನೀರಿಗೂ ಅದೇ, ನೋವಿಗೂ ಅದೇ. ನನ್ನ ಹೆಸರನ್ನು ಹೇಳಲು ಹೋಗಿ, ಬಾರದೆ, ಗೋಡೆಯ ಕಡೆ ತಿರುಗಿಕೊಂಡು ಅತ್ತಳು.

ಫೋನ್ ತೆಗೆದಿದ್ದರೆ? ಪ್ರಾರ್ಥನೆಗೆ ಕೂತಾಗಲೆಲ್ಲ ನನ್ನೆದುರು ಬಂದು ನಿಲ್ಲುತ್ತಿದ್ದ ಪ್ರಶ್ನೆ ಇದೇ. ಮೊದಮೊದಲು ಅವಳ ಮಾತು ಮರಳಿಸೆಂದು ದೇವರನ್ನು ಬೇಡಿದೆ. ಏನೂ ಆಗಲಿಲ್ಲ. ಆಮೇಲೆ ದೇವರ ಮೇಲೆ ಸಿಟ್ಟು ಬಂತು. ಸಿಟ್ಟು ಇಳಿದಾಗ ಉಳಿದದ್ದು ನಾಚಿಕೆ. ನಾಚಿಕೆಯವನು ಮುಖ ಎತ್ತುವುದೆಲ್ಲಿಂದ? ಮನೆಗೆ ಹೋದರೂ ಅಮ್ಮನ ತಲೆಯ ಮೇಲೆ ಕೈಯಿಟ್ಟು, ಚೆಂದದ ಸ್ವಂತ ಮಾತುಗಳಲ್ಲಿ ಎರಡು ನಿಮಿಷ ಪ್ರಾರ್ಥಿಸಿ, ಕತ್ತಲಾಗುವ ಮೊದಲೇ ಹೊರಟುಬಿಡುತ್ತಿದ್ದೆ. ದಿಂಬಂ ಘಟ್ಟದ 27 ತಿರುವುಗಳಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ ಎಂಬ ನೆಪ ಇದ್ದೇ ಇತ್ತು.

ತಪಸ್ಸುಕಾಲದ ಎರಡನೇ ಭಾನುವಾರದ ಪಾಠ ಮುಗಿಸಿ, ಸೋಮವಾರ ಊರಿಗೆ ಹೋದೆ. ಅಂದು ಅಕ್ಕ ಬಿಡಲಿಲ್ಲ, "ಇವತ್ತೊಂದು ರಾತ್ರಿ ಇರು" ಎಂದಳು. ಏಳು ಗಂಟೆಗೆ ದೀಪ ಹಚ್ಚಿ ಅಕ್ಕ ಜಪಸರ ಆರಂಭಿಸಿದಳು. ಅಮ್ಮ ಎಡಗೈಯಿಂದ ಮೆಲ್ಲಗೆ ಶಿಲುಬೆಯ ಗುರುತು ಹಾಕಿಕೊಂಡಳು. ಪ್ರಭು ಕಲಿಸಿದ ಪ್ರಾರ್ಥನೆಯ ಮೊದಲ ಭಾಗವನ್ನು ಅಕ್ಕ ಹೇಳಿ ನಿಲ್ಲಿಸಿದಳು. ಉಳಿದ ಭಾಗವನ್ನು ಹಾಸಿಗೆಯ ಮೇಲಿದ್ದ ಅಮ್ಮ ಹೇಳಿದಳು!

ತೊದಲುತ್ತಿತ್ತು, ಒಂದೆರಡು ಪದ ಸವೆದಿದ್ದವು. ಆದರೂ ಅವು ಪದಗಳೇ. ಊಟದ ಹೊತ್ತಿನಲ್ಲಿ 'ಅನ್ನ' ಎನ್ನಲು ಬಾರದವಳು ಅನುದಿನದ ಆಹಾರವನ್ನು ತಂದೆಯ ಬಳಿ ಬಾಯ್ತುಂಬ ಕೇಳುತ್ತಿದ್ದಳು. ನಮೋ ಮರಿಯವನ್ನೂ ಹಾಗೆಯೇ ಹೇಳಿದಳು. ನಾನು ದಂಗಾಗಿ ಅಕ್ಕನ ಮುಖ ನೋಡಿದೆ. "ನಾನು ಫೋನಿನಲ್ಲಿ ಹೇಳಿದ್ದೆನಲ್ಲ, ಅಮ್ಮ ಜಪ ಹೇಳುತ್ತಾಳೆ ಅಂತ" ಎಂದಳು. ಹೌದು, ಹೇಳಿದ್ದಳು. ಏನೋ ಗೊಣಗುತ್ತಿರಬೇಕು ಎಂದುಕೊಂಡು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಮುಂದಿನ ತಪಾಸಣೆಗೆ ಹೋದಾಗ ವೈದ್ಯರಿಗೆ ಇದನ್ನು ಹೇಳಿದೆ. ಹೊಸದಾಗಿ ವಾಕ್ಯ ಕಟ್ಟುವ ಶಕ್ತಿ ಬಹುಮಂದಿಯಲ್ಲಿ ಮೆದುಳಿನ ಎಡಭಾಗದಲ್ಲಿದೆ. ಅಲ್ಲಿ ಪೆಟ್ಟಾದರೂ ಎಣಿಕೆ, ಹಾಡು, ಬಾಲ್ಯದಿಂದ ಹೇಳಿ ಹೇಳಿ ಮೈಗೂಡಿದ ಪ್ರಾರ್ಥನೆಗಳು ಉಳಿಯುವುದುಂಟು ಎಂದು ಅವರು ವಿವರಿಸಿದರು. "ಇದು ಪವಾಡವಲ್ಲ ಫಾದರ್, ಅಭ್ಯಾಸ" ಎಂದು ನಕ್ಕರು. ಆ ಒಂದು ಪದ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನಾನು ಗಿಳಿಪಾಠವೆಂದು ಹಗುರಾಗಿ ಕಂಡದ್ದೇ ಅವಳಿಗೆ ಕೊನೆಗೆ ಉಳಿದ ಮಾತಾಗಿತ್ತು. ಅವಳು ಹೇಳುವ ಪ್ರತಿ ಪದದ ಅರ್ಥ ಅವಳಿಗೆ ಆಗುತ್ತಿದೆಯೋ ಇಲ್ಲವೋ, ಯಾರೂ ಖಚಿತವಾಗಿ ಹೇಳಲಾರರು. ಆದರೆ ಆ ಹೊತ್ತಿನಲ್ಲಿ ಅವಳ ಮುಖ ಗೋಡೆಯ ಕಡೆ ತಿರುಗುವುದಿಲ್ಲ.

ಅಂದು ಧರ್ಮಕೇಂದ್ರಕ್ಕೆ ಮರಳಿದವನೇ ಶುಭಸಂದೇಶವನ್ನು ತೆರೆದೆ. ಅನ್ಯರಂತೆ ಬರಿಮಾತುಗಳನ್ನು ಪೇರಿಸಬೇಡಿ ಎಂದು ಯೇಸುಸ್ವಾಮಿ ಎಚ್ಚರಿಸುತ್ತಾರೆ, ನಿಜ (ಮತ್ತಾಯ 6:7). ಆದರೆ ಅದರ ಬೆನ್ನಿಗೇ ಅವರು ಕಲಿಸುವುದು ಬಾಯಿಪಾಠ ಮಾಡಬಹುದಾದ ಒಂದು ಪುಟ್ಟ ಪ್ರಾರ್ಥನೆಯನ್ನು. ಗೆತ್ಸೆಮನಿ ತೋಟದಲ್ಲಿ ಸ್ವತಃ ಅವರೇ ಮೂರನೆಯ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದರು (ಮತ್ತಾಯ 26:44). ಶಿಲುಬೆಯ ಮೇಲೆ ಉಸಿರು ಕಟ್ಟುತ್ತಿದ್ದಾಗ ಅವರ ಬಾಯಿಂದ ಬಂದದ್ದು 22ನೇ ಕೀರ್ತನೆಯ ಮೊದಲ ಮಾತು, ಅದೂ ತಮ್ಮ ಜನರ ಆಡುಮಾತಾದ ಅರಾಮಿಕ್‌ನಲ್ಲಿ (ಮಾರ್ಕ 15:34). ದೇವಪುತ್ರರೂ ಕಡು ಸಂಕಟದಲ್ಲಿ ಹೊಸ ಮಾತು ಹುಡುಕಲಿಲ್ಲ. ತಮ್ಮ ಜನರ ಹಳೆಯ ಪ್ರಾರ್ಥನೆಯನ್ನೇ ಹಿಡಿದುಕೊಂಡರು. ಮೂವತ್ತು ಸಲ ಶಿಲುಬೆ ಹಾದಿ ನಡೆಸಿದವನು ನಾನು. ಇದು ನನಗೆ ಹೊಳೆದಿರಲಿಲ್ಲ.

ಆವಿಲದ ಸಂತ ತೆರೇಸಾ ಪ್ರಾರ್ಥನೆಯ ಮಹಾಗುರು. ಆಕೆಯೂ ಒಂದು ಕಾಲದಲ್ಲಿ ಪ್ರಾರ್ಥನೆಯ ಗಂಟೆ ಯಾವಾಗ ಮುಗಿದೀತೋ ಎಂದು ಕಾಯುತ್ತಿದ್ದುದನ್ನು ತಮ್ಮ ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ತಮಗೆ ಪರಿಚಯವಿದ್ದ ಒಬ್ಬರು ಬಾಯಿಪ್ರಾರ್ಥನೆ ಬಿಟ್ಟು ಬೇರೇನೂ ಬಾರದೆಂದು ದುಃಖಪಡುತ್ತಿದ್ದರಂತೆ. ವಿಚಾರಿಸಿದರೆ, ಪ್ರಭು ಕಲಿಸಿದ ಪ್ರಾರ್ಥನೆಯೊಂದನ್ನೇ ಹಿಡಿದು ಅವರು ದೈವದರ್ಶನದ ಎತ್ತರಕ್ಕೆ ಮುಟ್ಟಿದ್ದರು ಎಂದು ತೆರೇಸಾ ಇನ್ನೊಂದು ಗ್ರಂಥದಲ್ಲಿ ಹೇಳುತ್ತಾರೆ. ಲಿಸ್ಯೂವಿನ ಕಿರಿಯ ತೆರೇಸಾ ಪ್ರಾರ್ಥನೆಯಲ್ಲಿ ನಿದ್ದೆ ಹೋಗುತ್ತಿದ್ದರು. ಮನಸ್ಸು ಒಣಗಿಹೋದಾಗ ಇದೇ ಪ್ರಾರ್ಥನೆಯನ್ನೂ ನಮೋ ಮರಿಯವನ್ನೂ ಬಹಳ ನಿಧಾನವಾಗಿ ಹೇಳಿಕೊಳ್ಳುತ್ತಿದ್ದರು. ಒಂದನೇ ಕ್ಲಾಸು, ಮೂರನೇ ಕ್ಲಾಸು ಎಂಬುದು ನಾನು ಕಟ್ಟಿಕೊಂಡ ಗೋಡೆ ಅಷ್ಟೆ.

ಮೂರನೇ ಭಾನುವಾರ ನನ್ನ ಟಿಪ್ಪಣಿಗಳನ್ನು ಮಡಚಿಟ್ಟೆ. ನನಗೂ ಪ್ರಾರ್ಥನೆ ನಿಂತುಹೋಗಿತ್ತು ಎಂದು ಜನರಿಗೆ ಹೇಳಿದೆ. ಚರ್ಚಿನಲ್ಲಿ ಸೂಜಿ ಬಿದ್ದರೂ ಕೇಳುವಂತಿತ್ತು. ಆಮೇಲೆ ಲೊಯೋಲದ ಸಂತ ಇಗ್ನಾಸಿಯವರು 'ಆಧ್ಯಾತ್ಮಿಕ ಸಾಧನೆ'ಯಲ್ಲಿ ಹೇಳುವ ಒಂದು ವಿಧಾನವನ್ನು ಎಲ್ಲರೂ ಸೇರಿ ಮಾಡಿದೆವು. ಅದು ಬಹಳ ಸರಳ. ಪ್ರಭು ಕಲಿಸಿದ ಪ್ರಾರ್ಥನೆಯನ್ನು ಒಂದು ಉಸಿರಿಗೆ ಒಂದೇ ಪದದಂತೆ ಹೇಳಬೇಕು. ಒಂದು ಉಸಿರಿನಿಂದ ಇನ್ನೊಂದು ಉಸಿರಿನವರೆಗೆ ಮನಸ್ಸು ಆ ಪದದ ಮೇಲೆ, ಅಥವಾ ಅದನ್ನು ಕೇಳುವ ದೇವರ ಮೇಲೆ, ಅಥವಾ ಆ ದೇವರ ಮುಂದೆ ನಾನೆಷ್ಟು ಚಿಕ್ಕವನೆಂಬುದರ ಮೇಲೆ ನಿಂತಿರಬೇಕು. ಗುರುಮಠದಲ್ಲಿ ಇದರ ಮೇಲೆ ಪರೀಕ್ಷೆ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಮಾಡಿ ನೋಡಿದ್ದು ಅಂದೇ.

ಪೂಜೆ ಮುಗಿದ ಮೇಲೆ ಒಬ್ಬ ಹಿರಿಯರು ನನ್ನ ಬಳಿ ಬಂದು, "ನನಗೆ 'ತಂದೆ' ಎಂಬಲ್ಲಿಂದ ಮುಂದೆ ಹೋಗಲಾಗಲಿಲ್ಲ ಫಾದರ್. ನಾನೂ ಮಗನೂ ಮಾತಾಡಿ ಮೂರು ವರ್ಷವಾಯಿತು" ಎಂದರು. "ನಾನು ಕ್ಷಮೆಯ ಮಾತಿನ ಹತ್ತಿರ ನಿಂತುಬಿಟ್ಟೆ" ಎಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು.

ಈಗಲೂ ನಾನು ಅಲ್ಲಿ ನಿಲ್ಲುತ್ತೇನೆ. ಆ ಏಳು ಕರೆಗಳ ನೆನಪು ಅಳಿದಿಲ್ಲ. ಆದರೆ ಮೊದಲು ಆ ಪ್ರಶ್ನೆಗೆ ಹೆದರಿ ಎದ್ದುಬಿಡುತ್ತಿದ್ದೆ. ಈಗ ಅದನ್ನು ಹೊತ್ತುಕೊಂಡೇ ತಂದೆಯ ಮುಂದೆ ಕೂರುತ್ತೇನೆ, ಒಂದು ಉಸಿರು, ಒಂದು ಪದ. ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದ ನಮಗಾಗಿ ಪವಿತ್ರಾತ್ಮರೇ ನರಳುತ್ತಾ ಬಿನ್ನವಿಸುತ್ತಾರೆ ಎಂದು ಸಂತ ಪೌಲರು ರೋಮನರಿಗೆ ಬರೆಯುತ್ತಾರೆ (8:26). ಅಮ್ಮನ "ತಾ, ತಾ" ಕೇಳಿದಾಗಲೆಲ್ಲ ನನಗೆ ಆ ವಾಕ್ಯ ನೆನಪಾಗುತ್ತದೆ.

ಅಮ್ಮನ ಮಾತು ಮರಳಿಲ್ಲ. ನನ್ನ ಹೆಸರು ಇನ್ನೂ ಅವಳ ಬಾಯಿಗೆ ಬಂದಿಲ್ಲ. ತಿಂಗಳಿಗೊಮ್ಮೆಯಾದರೂ ಹೋಗಿ ರಾತ್ರಿ ಉಳಿಯುತ್ತೇನೆ. ನಾನು ಅರ್ಧ ಹೇಳುತ್ತೇನೆ, ಅವಳು ಉಳಿದರ್ಧ ಹೇಳುತ್ತಾಳೆ. ಎಷ್ಟೋ ಸಲ ನಾನೇ ತೂಕಡಿಸುತ್ತೇನೆ. ಆಗ ಅವಳ ಎಡಗೈ ನನ್ನ ಕಿವಿಯನ್ನು ಹುಡುಕುತ್ತದೆ.

ಪ್ರಿಯ ತಂದೆತಾಯಿಯರೇ, ಶಿಷ್ಯರು ಯೇಸುವಿನ ಬಳಿ ಬೇರೆ ಏನನ್ನೂ ಕಲಿಸಿಕೊಡಿ ಎಂದು ಹೀಗೆ ಕೇಳಿದ್ದನ್ನು ನಾವು ಓದುವುದಿಲ್ಲ. ಪ್ರಾರ್ಥನೆಯನ್ನು ಕಲಿಸಿಕೊಡಿ ಎಂದು ಕೇಳಿದರು (ಲೂಕ 11:1). ನಿಮ್ಮ ಮಕ್ಕಳು ಶಾಲೆಯಲ್ಲಿ ತಮಿಳನ್ನೋ, ಇಂಗ್ಲಿಷನ್ನೋ, ಮರಾಠಿಯನ್ನೋ ಕಲಿಯಲಿ. ಸಂಜೆ ಹತ್ತು ನಿಮಿಷ ಟಿವಿ, ಫೋನುಗಳನ್ನು ಆರಿಸಿ, ಮನೆಮಾತಿನಲ್ಲಿ ಅವರೊಂದಿಗೆ ಜಪ ಹೇಳಿ. ಅವರಿಗೆ ಅರ್ಥವಾಗುವುದಿಲ್ಲವೆಂದು, ತೂಕಡಿಸುತ್ತಾರೆಂದು ಬೇಸರಪಡಬೇಡಿ. ಎಲ್ಲ ಮಾತೂ ನಿಂತುಹೋಗುವ ದಿನಕ್ಕೆ ಬೇಕಾದ ಮಾತನ್ನು ನೀವು ಅವರ ಕೈಗಿಡುತ್ತಿದ್ದೀರಿ.

ಪ್ರಭು ನಿಮ್ಮ ಮನೆಗಳನ್ನು ಹರಸಲಿ. ನಿಮ್ಮ ಸಂಜೆಯ ಜಪದಲ್ಲಿ ನನ್ನ ಅಮ್ಮನನ್ನೂ ಒಮ್ಮೆ ನೆನೆಯಿರಿ.